ಬೇರಿನೊಳಗಿನ ಫೈಬರ್ ಪೋಸ್ಟ್: ಯಾವಾಗ ಹಾಕುತ್ತೇನೆ, ಹೇಗೆ ಹಾಕುತ್ತೇನೆ

ರೂಟ್ ಕೆನಾಲ್ (ನರ ತೆಗೆದು ಬೇರಿನೊಳಗಿನ ಕಾಲುವೆ, ಅಂದರೆ ಕೆನಾಲ್, ತುಂಬುವ ಚಿಕಿತ್ಸೆ) ಆದ ಹಲ್ಲಿಗೆ ಪೋಸ್ಟ್, ಅಂದರೆ ಆ ಕಾಲುವೆಯೊಳಗೆ ಕೂರಿಸುವ ಸಣ್ಣ ಕಡ್ಡಿ, ಹಾಕಿದರೆ ಹಲ್ಲು ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ರೋಗಿಗಳು ಮಾತ್ರ ಅಲ್ಲ, ಆಗ ತಾನೇ ಬಿ.ಡಿ.ಎಸ್. ಮುಗಿಸಿ ಬಂದವರೂ ಹಾಗೇ ಅಂದುಕೊಂಡಿರುತ್ತಾರೆ. ನಿಜ ಏನೆಂದರೆ, ಪೋಸ್ಟ್ ಹಲ್ಲನ್ನು ಗಟ್ಟಿ ಮಾಡುವುದಿಲ್ಲ. ಮೇಲೆ ಕಟ್ಟುವ ಕೋರ್ (ಮುರಿದ ಭಾಗದ ಬದಲಿಗೆ, ಕ್ಯಾಪ್ ಕೂರಲು ಕಟ್ಟುವ ಭಾಗ) ಕಿತ್ತು ಬರದಂತೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಅದಕ್ಕೆ ಜಾಗ ಮಾಡಲು ಒಳಗೆ ಜಾಸ್ತಿ ಕೊರೆದಷ್ಟೂ ಬೇರು ತೆಳ್ಳಗಾಗುತ್ತದೆ. ತೆಳ್ಳಗಾದ ಬೇರು ಒಂದಲ್ಲ ಒಂದು ದಿನ ಸೀಳುತ್ತದೆ. ಚಿಕ್ಕಮಗಳೂರಿನ ನನ್ನ ಕ್ಲಿನಿಕ್‌ನಲ್ಲಿ ಪೋಸ್ಟ್ ಬಗ್ಗೆ ಮಾಡುವ ಎಲ್ಲ ತೀರ್ಮಾನಗಳೂ ಈ ಒಂದು ಮಾತಿನಿಂದಲೇ ಶುರುವಾಗುತ್ತವೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವ ಪೋಸ್ಟ್ ಅನ್ನುವುದಲ್ಲ, ಪೋಸ್ಟ್ ಬೇಕಾ ಅನ್ನುವುದು. ಹುಳುಕು ತೆಗೆದು, ಹಳೆಯ ಫಿಲ್ಲಿಂಗ್ ಎಲ್ಲ ಬಿಡಿಸಿದ ಮೇಲೆ ಎಷ್ಟು ಗೋಡೆ ಉಳಿದಿದೆ ಅಂತ ನೋಡುತ್ತೇನೆ. ಮುಂದಿನ ಹಲ್ಲಿನಲ್ಲಿ ನರ ತೆಗೆಯಲು ಹಿಂದುಗಡೆ ಮಾಡಿದ ತೂತು ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿದೆಯಾ? ಹಾಗಾದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಆದ ಕಾಂಪೋಸಿಟ್ ತುಂಬಿ ಮುಗಿಸುತ್ತೇನೆ. ದವಡೆ ಹಲ್ಲಿನಲ್ಲಿ ಪಲ್ಪ್ ಚೇಂಬರ್ (ನರ ಇದ್ದ ನಡುವಿನ ಗೂಡು) ದೊಡ್ಡದಿರುತ್ತದೆ, ಕೋರ್‌ಗೆ ಹಿಡಿತ ಅಲ್ಲೇ ಸಿಗುತ್ತದೆ. ಅಲ್ಲಿ ಪೋಸ್ಟ್ ಹಾಕುವುದು ಅಪರೂಪ. ಹಾಕಲೇಬೇಕಾದರೆ ಕೆಳಗಿನ ದವಡೆ ಹಲ್ಲಿನಲ್ಲಿ ಹಿಂದಿನ ಬೇರಿನ ಕೆನಾಲ್, ಮೇಲಿನದರಲ್ಲಿ ಅಂಗುಳಿನ ಕಡೆಯ ಕೆನಾಲ್. ಅವೇ ಸ್ವಲ್ಪ ಅಗಲವಾಗಿ, ನೇರವಾಗಿ ಇರುತ್ತವೆ. ಉಳಿದ ಬೇರುಗಳು ತೆಳ್ಳಗೆ, ಬಾಗಿಕೊಂಡಿರುತ್ತವೆ. ಅವುಗಳ ತಂಟೆಗೆ ಹೋಗುವುದಿಲ್ಲ.

ಪೋಸ್ಟ್ ನಿಜವಾಗಿ ಬೇಕಾಗುವುದು ಅರ್ಧಕ್ಕಿಂತ ಹೆಚ್ಚು ಮುರಿದ ಮುಂದಿನ ಹಲ್ಲಿಗೆ ಮತ್ತು ಪ್ರೀಮೋಲಾರ್‌ಗೆ, ಅಂದರೆ ಕೋರೆಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಹಲ್ಲಿಗೆ. ಮಲೆನಾಡಿನ ರಸ್ತೆಗಳಲ್ಲಿ ಬೈಕ್‌ನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡು ಬರುವ ಹುಡುಗರು ಮಳೆಗಾಲದಲ್ಲಿ ಜಾಸ್ತಿ. ಇನ್ನು ವರ್ಷಗಟ್ಟಲೆ ಎಲೆ ಅಡಿಕೆ ಜಗಿದು ಹಲ್ಲು ಸವೆದ ಹಿರಿಯರು. ಅವರ ಕಚ್ಚುವ ಬಲ ಜೋರು. ಅವರ ಪ್ರೀಮೋಲಾರ್‌ಗಳ ಒಂದು ಕಡೆಯ ಗೋಡೆ ಪೂರ್ತಿ ಒಡೆದು ಹೋಗಿರುತ್ತದೆ. ಮೇಲಿನ ಮೊದಲ ಪ್ರೀಮೋಲಾರ್ ಬಗ್ಗೆ ನನಗೆ ಯಾವಾಗಲೂ ಎಚ್ಚರ. ಅದರ ಕೆನ್ನೆ ಕಡೆಯ ಬೇರಿನ ಒಳಮೈಯಲ್ಲಿ ಒಂದು ತಗ್ಗು ಇರುತ್ತದೆ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಲ್ಲಿ ಕೊರೆದರೆ ತೂತು ಬೀಳುವ ಭಯ. ಅಂಗುಳಿನ ಕಡೆಯ ಕೆನಾಲ್ ಆಯ್ದುಕೊಳ್ಳುವುದೇ ಕ್ಷೇಮ.

ಎರಡನೆಯದು ಫೆರುಲ್. ಈ ವಿಷಯದಲ್ಲಿ ಒಂದಿಷ್ಟೂ ರಾಜಿ ಮಾಡಿಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ. ಕ್ಯಾಪ್‌ನ ಅಂಚು ಕೂರುವ ಜಾಗದಿಂದ ಮೇಲೆ, ಸುತ್ತಲೂ 1.5ರಿಂದ 2 ಮಿಲಿಮೀಟರ್‌ನಷ್ಟು ಗಟ್ಟಿ ಹಲ್ಲು ಇರಬೇಕು. ಕ್ಯಾಪ್ ಅದನ್ನು ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ. ಒನಕೆಯ ತುದಿ ಸೀಳದಂತೆ ಕಬ್ಬಿಣದ ಬಳೆ ಹಾಕುತ್ತಾರಲ್ಲ, ಅದೇ ಕೆಲಸ. ಫೆರುಲ್ ಇದ್ದರೆ ಸಾಧಾರಣ ಪೋಸ್ಟ್ ಕೂಡ ಬಾಳಿಕೆ ಬರುತ್ತದೆ. ಅದಿಲ್ಲದಿದ್ದರೆ ಎಷ್ಟೇ ದುಬಾರಿ ಪೋಸ್ಟ್ ಹಾಕಿದರೂ ಅಷ್ಟೇ. ಸುತ್ತಲೂ ಸಿಗದಿದ್ದರೆ ಬಲ ಬೀಳುವ ಕಡೆಯಾದರೂ ಇರಬೇಕು. ಮೇಲಿನ ಮುಂದಿನ ಹಲ್ಲಿಗೆ ಅದು ಅಂಗುಳಿನ ಕಡೆ. ಅದೂ ಇಲ್ಲವಾದರೆ ವಸಡು ಮತ್ತು ಮೂಳೆ ಸ್ವಲ್ಪ ಇಳಿಸುವ ಸಣ್ಣ ಶಸ್ತ್ರಚಿಕಿತ್ಸೆ, ಅಥವಾ ತಂತಿ ಹಾಕಿ ಬೇರನ್ನು ನಿಧಾನವಾಗಿ ಹೊರಕ್ಕೆ ಎಳೆಯುವುದು. ಎರಡೂ ಆಗದಿದ್ದರೆ ಆ ಹಲ್ಲಿಗೆ ಪೋಸ್ಟ್ ಬೇಡ, ತೆಗೆದು ಬೇರೆ ದಾರಿ ನೋಡೋಣ ಅಂತ ಮೊದಲೇ ಹೇಳುತ್ತೇನೆ. ಜನ ಬೇಜಾರು ಮಾಡಿಕೊಳ್ಳುತ್ತಾರೆ, ನಿಜ. ಆದರೆ ದುಡ್ಡು ಖರ್ಚು ಮಾಡಿಸಿ ವರ್ಷದೊಳಗೆ ಕಿತ್ತು ಹಾಕುವುದಕ್ಕಿಂತ ಅದು ಮೇಲು ಅಲ್ವಾ?

ನಾನು ಹೆಚ್ಚಾಗಿ ಹಾಕುವುದು ಫೈಬರ್, ಅಂದರೆ ನಾರಿನ ಪೋಸ್ಟ್. ಆಲ್ದೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಕುರ್ಚಿಯಲ್ಲಿ ಕೂತು ಕೇಳಿದ್ದರು: "ಮೇಡಂ, ನಾರಿಂದು ಯಾಕೆ? ಸ್ಟೀಲಿನದ್ದೇ ಹಾಕಿಬಿಡಿ, ಗಟ್ಟಿ ಇರುತ್ತೆ."

"ಯಜಮಾನ್ರೇ, ಪೋಸ್ಟ್ ಹಲ್ಲಿಗಿಂತ ಗಟ್ಟಿ ಇದ್ದರೆ ಮುರಿಯೋದು ಹಲ್ಲೇ," ಅಂದೆ. ಅವರಿಗೆ ತಕ್ಷಣ ಅರ್ಥವಾಯಿತು.

ಲೆಕ್ಕದಲ್ಲಿ ಹೇಳುವುದಾದರೆ, ಹಲ್ಲಿನ ಮೈಯಾದ ಡೆಂಟಿನ್‌ನ ಬಿಗಿತ ಸುಮಾರು 18 ಗಿಗಾಪ್ಯಾಸ್ಕಲ್ (ಬಿಗಿತದ ಅಳತೆ). ಸ್ಟೀಲ್ 200ರ ಹತ್ತಿರ, ಟೈಟಾನಿಯಂ 110ರ ಹತ್ತಿರ. ಫೈಬರ್ ಪೋಸ್ಟ್ ಸಾಮಾನ್ಯವಾಗಿ 20ರಿಂದ 40ರ ಒಳಗೆ. ಅಂದರೆ ಕಚ್ಚಿದಾಗ ಫೈಬರ್ ಪೋಸ್ಟ್ ಹಲ್ಲಿನ ಜೊತೆಗೇ ಸ್ವಲ್ಪ ಬಾಗುತ್ತದೆ. ಲೋಹ ಬಾಗುವುದಿಲ್ಲ, ಬಲವನ್ನೆಲ್ಲ ಬೇರಿನ ಒಂದೇ ಜಾಗಕ್ಕೆ ತಳ್ಳುತ್ತದೆ. ಅದರಿಂದಲೇ ಎರಡೂ ಸೋಲುವ ರೀತಿ ಬೇರೆ ಬೇರೆ. ಫೈಬರ್ ಪೋಸ್ಟ್ ಸೋತರೆ ಹೆಚ್ಚಿನ ಸಲ ಸಿಮೆಂಟ್ ಬಿಟ್ಟು ಪೋಸ್ಟ್ ಕೈಗೆ ಬರುತ್ತದೆ, ಮತ್ತೆ ಕೂರಿಸಬಹುದು. ಲೋಹದ ಪೋಸ್ಟ್ ಸೋತಾಗ ಬೇರು ಉದ್ದಕ್ಕೆ ಸೀಳಿರುವ ಸಂಭವ ಜಾಸ್ತಿ. ಸೀಳಿದ ಬೇರಿಗೆ ಕೀಳುವುದೊಂದೇ ದಾರಿ.

ಬೇರಿನೊಳಗೆ ಲೋಹ ಇಡುವ ಯೋಚನೆ 18ನೇ ಶತಮಾನದ ಫ್ರಾನ್ಸ್‌ನ ಪಿಯರ್ ಫೋಶಾರ್ ಕಾಲದಿಂದ ಇದೆ. ನಾರಿನ ಪೋಸ್ಟ್ ಬಂದದ್ದೂ ಫ್ರಾನ್ಸ್‌ನಿಂದಲೇ, 1990ರ ಸುಮಾರಿಗೆ. ಮೊದಲಿನವು ಕಾರ್ಬನ್ ನಾರಿನವು, ಕಪ್ಪು ಬಣ್ಣ. ಪಿಂಗಾಣಿ ಕ್ಯಾಪ್ ಕೆಳಗೆ ಕಪ್ಪು ಛಾಯೆ ಕಾಣುತ್ತಿತ್ತು. ಆಮೇಲೆ ಗ್ಲಾಸ್ ಮತ್ತು ಕ್ವಾರ್ಟ್ಜ್ ನಾರು ಬಂತು. ಈಗ ನಾವೆಲ್ಲ ಬಳಸುವ ಬಿಳಿ, ಅರೆಪಾರದರ್ಶಕ ಪೋಸ್ಟ್ ಅದೇ.

ಕೊಳ್ಳುವಾಗ ನಾನು ಬ್ರಾಂಡ್‌ಗಿಂತ ಮೊದಲು ಎಕ್ಸ್‌ರೇಯಲ್ಲಿ ಕಾಣುತ್ತದಾ ಅಂತ ನೋಡುತ್ತೇನೆ. ಕೆಲವು ಅಗ್ಗದ ಪೋಸ್ಟ್‌ಗಳು ಕಾಣುವುದೇ ಇಲ್ಲ. ಪೋಸ್ಟ್ ತಳಕ್ಕೆ ಕೂತಿದೆಯಾ, ಕೆಳಗೆ ಖಾಲಿ ಉಳಿದಿದೆಯಾ ಅಂತ ಗೊತ್ತಾಗುವುದಿಲ್ಲ. ಆ ಪೋಸ್ಟ್‌ಗೇ ಹೊಂದುವ ಡ್ರಿಲ್ ಸೆಟ್‌ನಲ್ಲಿ ಇದೆಯಾ ಅನ್ನುವುದೂ ಅಷ್ಟೇ ಮುಖ್ಯ. ಬಿಡಿ ಪೋಸ್ಟ್ ತಂದು ಬೇರೆ ಕಂಪನಿಯ ಡ್ರಿಲ್‌ನಲ್ಲಿ ಕೊರೆದರೆ ಸುತ್ತಲೂ ಸಂದು ಉಳಿಯುತ್ತದೆ, ಅದನ್ನೆಲ್ಲ ಸಿಮೆಂಟ್ ತುಂಬಬೇಕಾಗುತ್ತದೆ. ಬೇರಿನಂತೆಯೇ ತುದಿಗೆ ಸಣ್ಣದಾಗುತ್ತಾ ಹೋಗುವ ಆಕಾರ ನನಗಿಷ್ಟ. ತುದಿಯ ಹತ್ತಿರ ಡೆಂಟಿನ್ ಉಳಿಯುತ್ತದೆ. ದಪ್ಪದ ವಿಷಯದಲ್ಲಿ ಬೇರಿನ ಅಗಲದ ಮೂರನೇ ಒಂದು ಭಾಗ ಮೀರಬಾರದು, ಸುತ್ತಲೂ ಕನಿಷ್ಠ 1 ಮಿಲಿಮೀಟರ್ ಡೆಂಟಿನ್ ಇರಬೇಕು. ಕೆನಾಲ್‌ಗೆ ಹೊಂದುವ ಪೋಸ್ಟ್ ಹುಡುಕಬೇಕೇ ಹೊರತು ಕೈಯಲ್ಲಿರುವ ಪೋಸ್ಟ್‌ಗಾಗಿ ಕೆನಾಲ್ ಅಗಲ ಮಾಡಬಾರದು.

ಉದ್ದದ ಬಗ್ಗೆ ಓದುವಾಗ ಎರಡು ನಿಯಮ ಕಲಿತಿರುತ್ತೇವೆ. ತಳದಲ್ಲಿ 4ರಿಂದ 5 ಮಿಲಿಮೀಟರ್ ಗಟ್ಟಾಪರ್ಚಾ (ಕೆನಾಲ್ ತುಂಬಿರುವ, ರಬ್ಬರಿನಂಥ ಗುಲಾಬಿ ಬಣ್ಣದ ವಸ್ತು) ಬಿಡಬೇಕು. ಪೋಸ್ಟ್‌ನ ಉದ್ದ ಕ್ಯಾಪ್‌ನ ಎತ್ತರಕ್ಕಿಂತ ಕಡಿಮೆ ಇರಬಾರದು. ಮೇಲಿನ ಮಧ್ಯದ ಹಲ್ಲನ್ನೇ ತೆಗೆದುಕೊಳ್ಳಿ. ಸರಾಸರಿ ಬೇರು 13 ಮಿಲಿಮೀಟರ್, ಮೇಲಿನ ಭಾಗ ಹತ್ತೂವರೆ. ಐದು ಬಿಟ್ಟರೆ ಪೋಸ್ಟ್‌ಗೆ ಎಂಟೇ ಉಳಿಯಿತು. ಎರಡೂ ನಿಯಮ ಒಟ್ಟಿಗೆ ಪಾಲಿಸಲು ಆಗುವುದೇ ಇಲ್ಲ! ಇಲ್ಲಿ ಒಂದನ್ನು ಬಿಡಲೇಬೇಕು. ನಾನು ತಳದ ಸೀಲ್, ಅಂದರೆ ಗಟ್ಟಾಪರ್ಚಾದ ಮುಚ್ಚಳ, ಕಾಪಾಡುತ್ತೇನೆ. ಫೈಬರ್ ಪೋಸ್ಟ್ ಅಂಟಿನ ಬಲದಿಂದ ನಿಲ್ಲುವಂಥದ್ದು, ಉದ್ದ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಸೀಲ್ ಹೋದರೆ ತುದಿಯಲ್ಲಿ ಮತ್ತೆ ಕೀವು ಆಗಬಹುದು.

ಇನ್ನು ಕೆಲಸದ ಕ್ರಮ. ರಬ್ಬರ್ ಡ್ಯಾಮ್ (ಹಲ್ಲಿಗೆ ಎಂಜಲು ತಾಗದಂತೆ ಹಾಕುವ ರಬ್ಬರ್ ಹಾಳೆ) ಹಾಕದೆ ಶುರು ಮಾಡುವುದಿಲ್ಲ. ರೂಟ್ ಕೆನಾಲ್‌ಗೆ ಡ್ಯಾಮ್ ಹಾಕಿ ಪೋಸ್ಟ್‌ಗೆ ಬಿಚ್ಚಿಬಿಡುವವರಿದ್ದಾರೆ. ಎಂಜಲು ಒಳಗೆ ಹೋದರೆ ಅಂಟೂ ಕೆಡುತ್ತದೆ, ಸೋಂಕೂ ಸೇರುತ್ತದೆ. ಗಟ್ಟಾಪರ್ಚಾವನ್ನು ಮೊದಲು ಬಿಸಿ ಉಪಕರಣದಿಂದ ಬೇಕಾದ ಆಳದವರೆಗೆ ತೆಗೆಯುತ್ತೇನೆ. ಆಮೇಲೆ ಪೀಸೋ ರೀಮರ್ ಅನ್ನುವ ಕೊರೆಯುವ ಮೊನೆ, ಒಂದನೇ ನಂಬರ್ ಅಂದರೆ 0.7 ಮಿಲಿಮೀಟರ್, ಎರಡನೆಯದು 0.9. ಕಡಿಮೆ ವೇಗ, ರಬ್ಬರ್ ಸ್ಟಾಪರ್ ಇಟ್ಟು, ಎಕ್ಸ್‌ರೇಯಲ್ಲಿ ಅಳೆದ ಉದ್ದಕ್ಕೆ. ಕೊನೆಗೆ ಪೋಸ್ಟ್ ಸೆಟ್‌ನ ಡ್ರಿಲ್. ಒತ್ತಡ ಹಾಕಿ ನೂಕಬಾರದು. ಡ್ರಿಲ್ ತಾನಾಗಿ ಮೆತ್ತನೆಯ ಗಟ್ಟಾಪರ್ಚಾದ ದಾರಿ ಹಿಡಿಯಲಿ. ಪೋಸ್ಟ್ ಇಟ್ಟು ಒಂದು ಎಕ್ಸ್‌ರೇ. ಪೋಸ್ಟ್ ಮತ್ತು ಗಟ್ಟಾಪರ್ಚಾ ನಡುವೆ ಕಪ್ಪು ಜಾಗ ಕಂಡರೆ ಅಲ್ಲೇ ಸರಿಪಡಿಸುತ್ತೇನೆ.

ಪೋಸ್ಟ್ ಕಿತ್ತು ಬರುವುದಕ್ಕೆ ಪೋಸ್ಟ್ ಕಾರಣ ಅಲ್ಲ, ಗೋಡೆಯ ಕೊಳೆ ಕಾರಣ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಡ್ರಿಲ್ ತಿರುಗಿದಾಗ ಕರಗಿದ ಗಟ್ಟಾಪರ್ಚಾ, ಅದರ ಜೊತೆ ಕೆನಾಲ್‌ಗೆ ಹಾಕಿದ ಸೀಲರ್ ಲೇಪ, ಡೆಂಟಿನ್ ಪುಡಿ ಎಲ್ಲ ಸೇರಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಅಂಟುವುದಿಲ್ಲ. ಅದಕ್ಕೇ ಅಲ್ಟ್ರಾಸೋನಿಕ್ ತುದಿ ಮತ್ತು ಸಣ್ಣ ಬ್ರಷ್‌ನಿಂದ ಉಜ್ಜಿ, ಲೂಪ್ಸ್ (ದೊಡ್ಡದು ಮಾಡಿ ತೋರಿಸುವ ಕನ್ನಡಕ) ಹಾಕಿಕೊಂಡು ಬೆಳಕು ಬಿಟ್ಟು ನೋಡುತ್ತೇನೆ. ಗುಲಾಬಿ ಬಣ್ಣದ ಚೂರು ತಳದಲ್ಲಿ ಮಾತ್ರ ಕಾಣಬೇಕು. ಪೋಸ್ಟ್ ಹಾಕುವ ಹಲ್ಲು ಅಂತ ಮೊದಲೇ ಗೊತ್ತಿದ್ದರೆ ಯುಜಿನಾಲ್ (ಲವಂಗದ ಎಣ್ಣೆಯ ಅಂಶ) ಇರುವ ಸೀಲರ್ ಬಳಸುವುದಿಲ್ಲ, ಅದು ಪೋಸ್ಟ್ ಅಂಟಿಸುವ ರೆಸಿನ್ ಸಿಮೆಂಟ್ ಗಟ್ಟಿಯಾಗಲು ಬಿಡುವುದಿಲ್ಲ. ಕೆನಾಲ್ ತೊಳೆಯುವ ಹೈಪೋಕ್ಲೋರೈಟ್ ಕೂಡ ಹಾಗೇ. ಅದರಿಂದ ಉಳಿಯುವ ಆಮ್ಲಜನಕ ಅಂಟನ್ನು ಕೆಡಿಸುತ್ತದೆ. ಕೊನೆಯ ತೊಳೆತ 17 ಶೇಕಡಾ ಇ.ಡಿ.ಟಿ.ಎ. ದ್ರಾವಣದಲ್ಲಿ ಒಂದು ನಿಮಿಷ, ಆಮೇಲೆ ಧಾರಾಳವಾಗಿ ಡಿಸ್ಟಿಲ್ಡ್ ವಾಟರ್. ಒಣಗಿಸುವುದು ಪೇಪರ್ ಪಾಯಿಂಟ್‌ನಿಂದ, ಅಂದರೆ ನೀರು ಹೀರುವ ಕಾಗದದ ಸಣ್ಣ ಕಡ್ಡಿಯಿಂದ. ಗಾಳಿ ಊದಿದರೆ ಮೇಲುಗಡೆ ತೀರಾ ಒಣಗುತ್ತದೆ, ತಳದಲ್ಲಿ ನೀರು ಹಾಗೇ ನಿಂತಿರುತ್ತದೆ.

ಪೋಸ್ಟ್ ಕತ್ತರಿಸಲು ಕಟ್ಟರ್ ಅಥವಾ ಇಕ್ಕಳ ಮುಟ್ಟಬೇಡಿ. ನಾರು ಜಜ್ಜಿ ಹೋಗುತ್ತದೆ. ಡೈಮಂಡ್ ಬರ್ (ವಜ್ರದ ಪುಡಿಯ ತಿರುಗುವ ಮೊನೆ), ಜೊತೆಗೆ ನೀರು. ಆಮೇಲೆ ಆಲ್ಕೊಹಾಲ್‌ನಲ್ಲಿ ಒರೆಸಿ, ಸಿಲೇನ್ (ಪೋಸ್ಟ್‌ಗೆ ಸಿಮೆಂಟ್ ಅಂಟಲು ನೆರವಾಗುವ ದ್ರವ) ಹಚ್ಚಿ ಒಂದು ನಿಮಿಷ ಬಿಟ್ಟು ಒಣಗಿಸುತ್ತೇನೆ. ಕೆಲವು ಪೋಸ್ಟ್‌ಗೆ ಕಾರ್ಖಾನೆಯಲ್ಲೇ ಲೇಪ ಇರುತ್ತದೆ, ಅವಕ್ಕೆ ಕಂಪನಿ ಹೇಳಿದ್ದನ್ನೇ ಮಾಡಬೇಕು. ಹಚ್ಚಿದ ಮೇಲೆ ಗ್ಲೌಸ್ ಬೆರಳೂ ತಾಗಬಾರದು.

ಸಿಮೆಂಟ್ ಡ್ಯುಯಲ್ ಕ್ಯೂರ್ ಆಗಿರಲೇಬೇಕು, ಅಂದರೆ ಬೆಳಕಿನಿಂದಲೂ, ಬೆಳಕಿಲ್ಲದೆ ತಾನಾಗಿಯೂ ಗಟ್ಟಿಯಾಗಬೇಕು. ಪೋಸ್ಟ್ ಬೆಳಕು ಸಾಗಿಸುತ್ತದೆ ಅಂತ ಎಷ್ಟೇ ಹೇಳಿದರೂ ತಳ ಮುಟ್ಟುವ ಬೆಳಕು ಬಹಳ ಕಡಿಮೆ. ಬಾಂಡ್ (ಸಿಮೆಂಟ್‌ಗೆ ಮುಂಚೆ ಹಚ್ಚುವ ಅಂಟು ದ್ರವ) ಬೇರೆ ಹಚ್ಚುವುದಾದರೆ ಅದು ಡ್ಯುಯಲ್ ಕ್ಯೂರ್ ಸಿಮೆಂಟ್‌ಗೆ ಹೊಂದುತ್ತದಾ ಅಂತ ನೋಡಿಕೊಳ್ಳಬೇಕು. ಆಮ್ಲೀಯವಾದ ಒಂದೇ ಬಾಟಲಿಯ ಬಾಂಡ್ ಹಲವು ಸಲ ಹೊಂದುವುದಿಲ್ಲ. ಈ ತಾಪತ್ರಯ ಬೇಡ ಅಂತಲೇ ನಾನು ಹೆಚ್ಚಾಗಿ ಬಾಂಡ್ ಇಲ್ಲದೆ ತಾನೇ ಅಂಟುವ ಸೆಲ್ಫ್ ಅಡ್‌ಹೀಸಿವ್ ಸಿಮೆಂಟ್ ಬಳಸುತ್ತೇನೆ. ಹಂತ ಕಡಿಮೆ, ಕೆಡುವ ಅವಕಾಶವೂ ಕಡಿಮೆ. ಉದ್ದನೆಯ ಸಣ್ಣ ತುದಿಯನ್ನು ತಳಕ್ಕೆ ಇಳಿಸಿ, ತುಂಬುತ್ತಾ ಮೇಲಕ್ಕೆ ಬರುತ್ತೇನೆ. ಗಾಳಿಗುಳ್ಳೆ ಉಳಿಯುವುದಿಲ್ಲ. ಲೆಂಟುಲೋ (ಸಿಮೆಂಟ್ ಒಳಗೆ ಇಳಿಸುವ ಸುರುಳಿ ತಂತಿ) ತಿರುಗಿಸಿದರೆ ಕೆಲವು ಸಿಮೆಂಟ್ ಕೂಡಲೇ ಗಟ್ಟಿಯಾಗಿ ಪೋಸ್ಟ್ ಅರ್ಧಕ್ಕೇ ನಿಂತುಬಿಡುತ್ತದೆ. ಪೋಸ್ಟ್ ಕೂರಿಸಿ, ಕದಲದಂತೆ ಹಿಡಿದು 40 ಸೆಕೆಂಡ್ ಬೆಳಕು. ಮೇಲೆ ಕೋರ್ ಕಟ್ಟುವಾಗ ಪೋಸ್ಟ್‌ನ ತಲೆ ಪೂರ್ತಿ ಮುಚ್ಚಬೇಕು. ನಾರಿನ ತುದಿ ಎಂಜಲಿಗೆ ತೆರೆದಿದ್ದರೆ ತೇವ ಒಳಗೆ ಇಳಿಯುತ್ತದೆ.

ನಮ್ಮ ಊರಿನ ಚಳಿಯ ಬಗ್ಗೆ ಒಂದು ಮಾತು. ಡಿಸೆಂಬರ್ ಬೆಳಿಗ್ಗೆ ಫ್ರಿಜ್‌ನಿಂದ ನೇರ ತೆಗೆದ ಸಿಮೆಂಟ್ ದಪ್ಪಗಿರುತ್ತದೆ, ಗಟ್ಟಿಯಾಗುವುದೂ ನಿಧಾನ. ಮೊದಲ ರೋಗಿ ಬರುವ ಮುಂಚೆಯೇ ಹೊರಗೆ ತೆಗೆದಿಡಲು ಸಹಾಯಕಿಗೆ ಹೇಳಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಲೈಟ್ ಕ್ಯೂರ್ ಗನ್‌ನ ಬ್ಯಾಟರಿ ತುಂಬಿದೆಯಾ ಅಂತ ನೋಡದೆ ಸಿಮೆಂಟ್ ಬೆರೆಸುವುದಿಲ್ಲ.

ಎಲ್ಲ ಕಡೆಗೂ ಫೈಬರ್ ಅಂತ ಹಟ ಹಿಡಿಯುವವಳಲ್ಲ ನಾನು. ಚಿಕ್ಕ ವಯಸ್ಸಿನಲ್ಲಿ ಪೆಟ್ಟು ಬಿದ್ದ ಹಲ್ಲಿನಲ್ಲಿ ಕೆನಾಲ್ ತುಂಬಾ ಅಗಲ ಇರುತ್ತದೆ, ತಯಾರಾಗಿ ಬರುವ ಪೋಸ್ಟ್ ಒಳಗೆ ಅಲ್ಲಾಡುತ್ತದೆ. ಅಲ್ಲಿ ಪೋಸ್ಟ್ ಮೇಲೆ ಕಾಂಪೋಸಿಟ್ ಮೆತ್ತಿ, ಗ್ಲಿಸರಿನ್ ಸವರಿದ ಕೆನಾಲ್‌ಗೇ ಇಳಿಸಿ, ಅದೇ ಆಕಾರಕ್ಕೆ ತಂದು, ಹೊರಗೆ ತೆಗೆದು ಪೂರ್ತಿ ಗಟ್ಟಿ ಮಾಡಿ, ಕೆನಾಲ್ ಚೆನ್ನಾಗಿ ತೊಳೆದು ಅಂಟಿಸುತ್ತೇನೆ. ಸಿಮೆಂಟ್ ಪದರ ತೆಳ್ಳಗಾಗುತ್ತದೆ. ಮುಂದೆ ಚಾಚಿದ ಹಲ್ಲಿನ ಕೋನ ಬಹಳ ಬದಲಿಸಬೇಕಾದಾಗ ಲ್ಯಾಬ್‌ನಲ್ಲಿ ಎರಕ ಹೊಯ್ದ ಲೋಹದ ಪೋಸ್ಟ್‌ಗೆ ಈಗಲೂ ಜಾಗ ಇದೆ.

ದೊಡ್ಡ ತೊಂದರೆ ಬರುವುದು ಕ್ಯಾಪ್ ತಡವಾದಾಗ. ಕಳಸ, ಕೊಟ್ಟಿಗೆಹಾರದ ಕಡೆಯಿಂದ ಬರುವವರು ನವೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವವರೆಗೆ ಈ ಕಡೆ ತಲೆ ಹಾಕುವುದಿಲ್ಲ. ನೋವು ಹೋಗಿದೆ, ಇನ್ನೇನು ಅವಸರ ಅಂದುಕೊಳ್ಳುತ್ತಾರೆ. ತಾತ್ಕಾಲಿಕ ಫಿಲ್ಲಿಂಗ್ ಸವೆದು ಎಂಜಲು ಒಳಗೆ ಇಳಿದಿರುತ್ತದೆ. ಹಾಗೆ ತಿಂಗಳುಗಟ್ಟಲೆ ಬಿಟ್ಟ ಹಲ್ಲಿಗೆ ರೂಟ್ ಕೆನಾಲ್ ಮತ್ತೆ ಮಾಡಿಯೇ ಪೋಸ್ಟ್ ಹಾಕಬೇಕು. ಅದಕ್ಕೇ ದೂರದವರಿಗೆ ಕೆನಾಲ್ ತುಂಬಿದ ದಿನವೇ ಪೋಸ್ಟ್, ಕೋರ್ ಎರಡೂ ಮುಗಿಸಿ ಕಳಿಸುತ್ತೇನೆ. ಡ್ಯಾಮ್ ಹೇಗೂ ಹಾಕಿರುತ್ತದೆ, ಕೆನಾಲ್‌ನ ಬಾಗು, ಉದ್ದ ಎಲ್ಲ ಆಗ ತಾನೇ ಕಣ್ಣಮುಂದೆ ಇರುತ್ತದೆ.

ಕ್ಯಾಪ್ ಆದ ಮೇಲೆ ವರ್ಷಕ್ಕೊಂದು ಎಕ್ಸ್‌ರೇ ತೆಗೆಯುತ್ತೇನೆ, ವಸಡಿನ ಸುತ್ತ ಪ್ರೋಬ್ (ಆಳ ಅಳೆಯುವ ತೆಳು ಕಡ್ಡಿ) ಇಳಿಸಿ ನೋಡುತ್ತೇನೆ. ಬೇರೆಲ್ಲ ಕಡೆ ಸರಿಯಿದ್ದು ಒಂದೇ ಜಾಗದಲ್ಲಿ ಪ್ರೋಬ್ ಆಳಕ್ಕೆ ಇಳಿದರೆ ಬೇರು ಸೀಳಿರುವ ಅನುಮಾನ. ಮುಂದೆಂದಾದರೂ ರೂಟ್ ಕೆನಾಲ್ ಮತ್ತೆ ಮಾಡಬೇಕಾದರೆ ಫೈಬರ್ ಪೋಸ್ಟನ್ನು ನಡುವಿನಿಂದ ಕೊರೆದು ತೆಗೆಯಬಹುದು, ನಾರಿನ ಸಾಲೇ ಬರ್‌ಗೆ ದಾರಿ ತೋರಿಸುತ್ತದೆ. ಆದರೆ ಬಿಳಿ ಪೋಸ್ಟ್‌ಗೂ ಡೆಂಟಿನ್‌ಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ದೊಡ್ಡದು ಮಾಡಿ ನೋಡದಿದ್ದರೆ ಬೇರಿಗೇ ತೂತು ಬಿದ್ದೀತು. ಅದಕ್ಕಾಗಿಯೇ ನನ್ನ ರೋಗಿಗಳ ಚೀಟಿಯಲ್ಲಿ ಪೋಸ್ಟ್‌ನ ಹೆಸರು, ನಂಬರ್, ಉದ್ದ, ಯಾವ ಕೆನಾಲ್, ಯಾವ ಸಿಮೆಂಟ್ ಎಲ್ಲ ಬರೆದು ಕೊಡುತ್ತೇನೆ. ನಾಳೆ ಅವರು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇನ್ನೊಬ್ಬ ಡಾಕ್ಟರ ಕುರ್ಚಿಯಲ್ಲಿ ಕೂತಾಗ ಆ ಚೀಟಿ ಕೆಲಸಕ್ಕೆ ಬರುತ್ತದೆ.