ಡ್ರೈವ್ ಬೋರ್ಡಿಗೆ ಡಿಫರೆನ್ಷಿಯಲ್ ಪ್ರೋಬ್ ಹಾಕೋ ಮುಂಚೆ ಎರಡು ನಂಬರ್ ನೋಡ್ಕಳಿ

ತುಮಕೂರಿನ ಅಂತರಸನಹಳ್ಳಿ ಶೆಡ್ಡಿಂದ ಬಂದ ಮೋಟರ್ ಡ್ರೈವ್ (ಮೋಟರಿನ ವೇಗ ನಿಯಂತ್ರಿಸೋ ಪೆಟ್ಟಿಗೆ) ಆಗ್ಲಿ, ಶಿರಾ ಕಡೆಯಿಂದ ಬಂದ ಬೋರ್‌ವೆಲ್ ಪಂಪಿಂದಾಗ್ಲಿ, ಬಿಚ್ಚಿದ್ರೆ ಒಳಗಿನ ಕತೆ ಒಂದೇ. 415 ವೋಲ್ಟ್ ತ್ರೀ ಫೇಸ್ ರೆಕ್ಟಿಫೈ ಆಗಿ ಡಿಸಿ ಬಸ್ (ಒಳಗಿನ ಮುಖ್ಯ ಡಿಸಿ ಲೈನ್) ಮೇಲೆ ಸುಮಾರು 585 ವೋಲ್ಟ್ ನಿಂತಿರುತ್ತೆ, ಲೈನ್ 10 ಪರ್ಸೆಂಟ್ ಏರಿದ್ರೆ 645, ಮೋಟರಿಗೆ ಬ್ರೇಕ್ ಹಾಕಿದಾಗ ಇನ್ನೂ ಮೇಲೆ.

ಇಲ್ಲಿಗೆ ಮಾಮೂಲಿ ಪ್ರೋಬಿನ ಗ್ರೌಂಡ್ ಕ್ಲಿಪ್ ಹಾಕ್ಲೇಬಾರ್ದು. ಆ ಕ್ಲಿಪ್ ಸ್ಕೋಪ್ (ಆಸಿಲ್ಲೋಸ್ಕೋಪ್, ವೋಲ್ಟೇಜಿನ ಏರಿಳಿತನ ಸ್ಕ್ರೀನಲ್ಲಿ ತೋರಿಸೋ ಉಪಕರಣ) ಬಾಡಿಗೆ, ಬಾಡಿ ಪ್ಲಗ್ಗಿನ ದೊಡ್ಡ ಪಿನ್ನಿಗೆ, ಅಲ್ಲಿಂದ ಅರ್ತಿಂಗಿಗೆ ಸೀದಾ ಹೋಗುತ್ತೆ, ಬಸ್ಸಿನ ಮೈನಸ್ ಏನೋ ಗ್ರೌಂಡ್ ಅನ್ಕೊಂಡ್ರೆ ಅದು ಬ್ರಿಡ್ಜ್ ಡಯೋಡಿಂದ ಫೇಸಿಗೆ ಸೇರಿರುತ್ತೆ, ಢಂ ಅನ್ನುತ್ತೆ. ಅರ್ತ್ ಪಿನ್ ಕಿತ್ತಾಕಿ ಸ್ಕೋಪ್ ಫ್ಲೋಟ್ ಮಾಡ್ತೀನಿ ಅನ್ನೋರು ಇದಾರೆ, ಆಗ ಸ್ಕೋಪಿನ ಲೋಹದ ಭಾಗ ಎಲ್ಲಾ ಲೈವ್, ಮುಟ್ಟಿದೋರು ಹೋದ್ರು ಅಷ್ಟೇ.

ಅದಕ್ಕೇ ಡಿಫರೆನ್ಷಿಯಲ್ ಪ್ರೋಬ್, ಯಾವ ತುದಿನೂ ಅರ್ತಿಗೆ ಸೀದಾ ಸೇರದೆ ಎರಡರ ಮಧ್ಯದ ವ್ಯತ್ಯಾಸ ಅಳೆಯೋದು. ಅದರ ಮೇಲೆ ಎರಡು ಮಿತಿ ಇರುತ್ತೆ: ಎರಡು ತುದಿ ಮಧ್ಯೆ ಎಷ್ಟು, ಒಂದೊಂದು ತುದಿಯಿಂದ ಅರ್ತಿಗೆ ಎಷ್ಟು. ಎಲ್ರೂ ಮೊದಲನೇದು ಮಾತ್ರ ನೋಡ್ತಾರೆ. ಮೇಲಿನ ಐಜಿಬಿಟಿಯ (ಬಸ್ಸಿನ ಪ್ಲಸ್ ಕಡೆ ಇರೋ ಪವರ್ ಸ್ವಿಚ್) ಗೇಟ್ ತಗೊಳ್ಳಿ, ಗೇಟ್-ಎಮಿಟರ್ ಮಧ್ಯೆ ಬರೀ 15 ವೋಲ್ಟ್, ಆದ್ರೆ ಆ ಎಮಿಟರೇ ಅರ್ತಿಂದ ಅಳೆದ್ರೆ ಪ್ಲಸ್ 340ರಿಂದ ಮೈನಸ್ 340ರ ತನಕ ಜಿಗಿದಾಡ್ತಿರುತ್ತೆ. ಬೋರ್ಡ್ ಸಿಗ್ನಲ್ಲಿಗೆ ಅಂತ ಮಾಡಿರೋ ಲೋ ವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬ್ ಇಲ್ಲಿ ಹಾಕಿದ್ರೆ ಮುಗೀತು, ಅದರ ಎರಡನೇ ಮಿತಿ ಕೆಲವು ಹತ್ತು ವೋಲ್ಟ್ ಅಷ್ಟೇ. ನಂಬರ್ ಪೀಕ್‌ದಾ ಆರ್‌ಎಂಎಸ್‌ದಾ ಅಂತಾನೂ ನೋಡಿ, ಪ್ಯಾನಲ್ಲಿಗೆ ವೈರಿಂಗ್ ಮಾಡಿ ಕೂರಿಸಿರೋ ಡ್ರೈವಿಗೆ ಕ್ಯಾಟ್ 3 (ಕಟ್ಟಡದ ವೈರಿಂಗಲ್ಲಿ ಬರೋ ಸರ್ಜ್ ತಡೆಯೋ ಸುರಕ್ಷತಾ ದರ್ಜೆ) ರೇಟಿಂಗೇ ಬೇಕು. ಫ್ರೀಕ್ವೆನ್ಸಿ ಏರಿದಂಗೆ ಮಿತಿ ಇಳಿಯುತ್ತೆ, ಮ್ಯಾನ್ಯುಯಲ್ಲಲ್ಲಿ ಗ್ರಾಫ್ ಇರುತ್ತೆ.

ಪವರ್ ಆಫ್ ಮಾಡಿ, ಡ್ರೈವ್ ಮೇಲೆ ಬರೆದಷ್ಟು ಹೊತ್ತು ಕಾದು, ಬಸ್ ಇಳಿದಿದೆಯಾ ಅಂತ ಮೀಟರಲ್ಲಿ ನೋಡಿ, ಆಮೇಲೆ ಕ್ಲಿಪ್ ಹಾಕಿ, ಎರಡು ಲೀಡನ್ನೂ ಒಂದಕ್ಕೊಂದು ಹೆಣೆದು ಬಿಡಿ, ಪವರ್ ಕೊಟ್ಮೇಲೆ ಕೈ ದೂರ. ಬಸ್ ಅಳೆಯೋವಾಗ 500ಎಕ್ಸ್, ಅಂದ್ರೆ ಪ್ರೋಬ್ ವೋಲ್ಟೇಜನ್ನ 500ರಲ್ಲಿ ಒಂದು ಭಾಗ ಮಾಡಿ ಸ್ಕೋಪಿಗೆ ಕೊಡುತ್ತೆ. ಪ್ರೋಬಲ್ಲಿ 500 ಇಟ್ಟು ಸ್ಕೋಪಲ್ಲಿ 10ಎಕ್ಸ್ ಹಂಗೇ ಬಿಟ್ರೆ 585 ವೋಲ್ಟ್ ಬಸ್ಸು 11.7 ಅಂತ ತೋರಿಸುತ್ತೆ, ಡಿಸ್ಚಾರ್ಜ್ ಆಗಿದೆ ಅಂತ ಯಾರಾದ್ರೂ ಕೈ ಹಾಕಿಯಾರು.

ಇನ್ನು ತೋರಿಸಿದ್ದೆಲ್ಲಾ ನಿಜ ಅಲ್ಲ. ಎರಡೂ ತುದಿನ ಅದೇ ಎಮಿಟರಿಗೆ ಹಾಕಿ ನೋಡಿ, ಸ್ಕ್ರೀನಲ್ಲಿ ಸೊನ್ನೆ ಇರ್ಬೇಕು, ಇರಲ್ಲ. ಸ್ವಿಚಿಂಗ್ ಅಂಚಲ್ಲಿ ಸಿಎಂಆರ್‌ಆರ್ (ಎರಡೂ ತುದಿಲಿ ಒಟ್ಟಿಗೆ ಬರೋ ವೋಲ್ಟೇಜನ್ನ ಪ್ರೋಬ್ ಎಷ್ಟು ಅಳಿಸುತ್ತೆ ಅನ್ನೋ ಅಳತೆ) 60 ಡಿಬಿ ಇದ್ರೆ ಬಸ್ಸಿನಷ್ಟೇ ಇರೋ 585 ವೋಲ್ಟ್ ಜಿಗಿತಕ್ಕೆ ಸುಮಾರು 0.59 ವೋಲ್ಟ್ ಸುಳ್ಳು, ನಡೆಯುತ್ತೆ ಬಿಡಿ. 40ಕ್ಕೆ ಇಳಿದ್ರೆ ಸುಮಾರು 5.9 ವೋಲ್ಟ್, 15 ವೋಲ್ಟ್ ಗೇಟಲ್ಲಿ ಅದನ್ನ ನೋಡಿ ಗೇಟ್ ಡ್ರೈವರ್ ಐಸಿ ಕಿತ್ತುಬಿಡ್ತಾರೆ, ಪಾಪ ಐಸಿ ಚೆನ್ನಾಗೇ ಇರುತ್ತೆ.

ಡಿಫರೆನ್ಷಿಯಲ್ ಪ್ರೋಬ್ ಇಲ್ದಿದ್ರೆ ಎರಡು ಮಾಮೂಲಿ 10ಎಕ್ಸ್ ಪ್ರೋಬ್ ಹಾಕಿ ಸ್ಕೋಪಲ್ಲಿ ಸಿಎಚ್1 ಮೈನಸ್ ಸಿಎಚ್2 (ಮೊದಲ ಚಾನೆಲ್ಲಿಂದ ಎರಡನೇದು ಕಳೆಯೋದು) ಮಾಡ್ಬೋದು, ಗ್ರೌಂಡ್ ಕ್ಲಿಪ್ ಸರ್ಕ್ಯೂಟಿಗೆ ಬೇಡ, ಒಂದೊಂದು ತುದಿಯೂ ಪ್ರೋಬಿನ ಮಿತಿ ಒಳಗೇ ಇರ್ಬೇಕು. ಗೇಟ್ ನೋಡೋಕೆ ಇದು ಸಾಲಲ್ಲ. ಆಪ್‌ಆಂಪಲ್ಲಿ ಸ್ವಂತ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಕಟ್ಟೋರು ಇನ್‌ಪುಟ್ಟಿಗೆ ಒಂದೇ ಕಾಲು ವಾಟ್ ರೆಸಿಸ್ಟರ್ ಹಾಕ್ಬೇಡಿ, ಮಾಮೂಲಿ ಅಂಥದ್ದಕ್ಕೆ 250 ವೋಲ್ಟ್ ಅಷ್ಟೇ, ನಾಲ್ಕೈದನ್ನ ಸೀರೀಸಲ್ಲಿ ಹಾಕಿ.