ಕಾವು ಪೆಟ್ಟಿಗೆಗೆ ತಕ್ಕಡಿಯೂ ಬೇಕು

ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಲು ಹೊಸದಾಗಿ ಕಾವು ಪೆಟ್ಟಿಗೆ ಮಾಡುವವರ ಗಮನವೆಲ್ಲ ಬಿಸಿಯ ಮೇಲೆ. ಬಿಸಿ ತಪ್ಪಿದರೆ ಮೊದಲ ವಾರದಲ್ಲೇ ಗೊತ್ತಾಗಿಬಿಡುತ್ತದೆ. ಇಪ್ಪತ್ತು ದಿನ ಬೆಳೆದ ಮರಿ ಚಿಪ್ಪು ಒಡೆಯಲಾರದೆ ಒಳಗೇ ಸತ್ತಿದ್ದರೆ ಹೆಚ್ಚಿನ ಸಲ ಕಾರಣ ತೇವ. ಅದನ್ನು ಹಿಡಿಯಲು ನಾನು ನಂಬುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು.

ಮೊದಲು ಪೆಟ್ಟಿಗೆ. ಮೀನು ತುಂಬುವ ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಒಳಗೆ ಸುಮಾರು 55 ಸೆಂ.ಮೀ. ಉದ್ದ, 38 ಅಗಲ, 30 ಎತ್ತರ. 30 ಮೊಟ್ಟೆಗೆ ಧಾರಾಳ. 40 ವ್ಯಾಟಿನ ಎರಡು ಹಳೇ ಮಾದರಿ ಬಲ್ಬು; ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು. ಒಂದೇ ದೊಡ್ಡ ಬಲ್ಬು ಹಾಕಿದರೆ ಅದು ಸುಟ್ಟ ರಾತ್ರಿಯೇ ಕಾವು ಮುಗಿದಂತೆ, ಹಾಗಾಗಿ ಎರಡು. ಬಲ್ಬಿಗೂ ಥರ್ಮೋಕೋಲಿಗೂ ಕನಿಷ್ಠ 10 ಸೆಂ.ಮೀ. ಅಂತರ ಇರಲಿ, ಆ ಗೋಡೆಗೆ ತಗಡು ಹೊಡೆಯಿರಿ. ಬಲ್ಬಿನ ಸುತ್ತ ಜಾಲರಿ ಕಟ್ಟದಿದ್ದರೆ ಹುಟ್ಟಿದ ಮರಿ ನೇರ ಹೋಗಿ ಅದಕ್ಕೇ ಆತುಕೊಳ್ಳುತ್ತದೆ.

ಬಿಸಿ ನಿಯಂತ್ರಿಸಲು ಡಬ್ಲ್ಯು1209 ಎಂಬ ಪುಟ್ಟ ಬೋರ್ಡ್, ಗಾಳಿಗೆ ಕಂಪ್ಯೂಟರಿನ 80 ಮಿ.ಮೀ. ಫ್ಯಾನ್. ಎರಡಕ್ಕೂ ಒಂದೇ 12 ವೋಲ್ಟ್ ಅಡಾಪ್ಟರ್ ಸಾಕು. ಫ್ಯಾನ್ ಬಲ್ಬಿನ ಜೊತೆ ಆರಿ ಹತ್ತುವಂತೆ ಜೋಡಿಸಬೇಡಿ, ಅದು ಸದಾ ತಿರುಗುತ್ತಿರಬೇಕು. ಗಾಳಿ ಬಲ್ಬಿನ ಕಡೆಗೆ ಬೀಸಲಿ, ಮೊಟ್ಟೆಯ ಮೇಲೆ ಬೇಡ. ಬಲ್ಬನ್ನು ಹತ್ತಿಸಿ ಆರಿಸುವ ಸ್ವಿಚ್ಚಾದ ಬೋರ್ಡಿನ ರಿಲೇಯ ಕಾಲುಗಳಲ್ಲಿ 230 ವೋಲ್ಟ್ ಹರಿಯುತ್ತಿರುತ್ತದೆ, ಅದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ ಪೆಟ್ಟಿಗೆಯ ಹೊರಗಡೆ ಇಡಬೇಕು. ಸೆನ್ಸರಿನ ತುದಿ ಮೊಟ್ಟೆಯ ಮೇಲ್ಭಾಗದ ಎತ್ತರದಲ್ಲಿ, ಬಲ್ಬಿನಿಂದ ದೂರ ಇರಲಿ.

ಬೋರ್ಡಿನಲ್ಲಿ ಎಲ್ಲರೂ ಎಡವುವುದು ಪಿ1 ಎಂಬ ಸೆಟ್ಟಿಂಗಿನಲ್ಲಿ; ಆರಿದ ಬಲ್ಬು ಎಷ್ಟು ಡಿಗ್ರಿ ಇಳಿದ ಮೇಲೆ ಮತ್ತೆ ಹತ್ತಬೇಕು ಎಂಬುದನ್ನು ಹೇಳುವುದು ಅದು. ಅಂಗಡಿಯಿಂದ ಬರುವಾಗ ಅದು 2 ಡಿಗ್ರಿಗೆ ಇರುತ್ತದೆ. 37.7ಕ್ಕೆ ಬಲ್ಬು ಆರಿ, 35.7ಕ್ಕೆ ಇಳಿದ ಮೇಲಷ್ಟೇ ಮತ್ತೆ ಹತ್ತುತ್ತದೆ. ಅದನ್ನು 0.2ಕ್ಕೆ ಇಳಿಸಿ. ಪಿ0 ಎಂಬ ಸೆಟ್ಟಿಂಗ್ ‘ಎಚ್’ನಲ್ಲಿ (ಬಿಸಿ ಮಾಡಲು) ಇದೆಯೇ ನೋಡಿ, ‘ಸಿ’ಯಲ್ಲಿದ್ದರೆ (ತಂಪು ಮಾಡಲು) ಬಿಸಿಯಾದಷ್ಟೂ ಬಲ್ಬು ಉರಿಯುತ್ತದೆ. ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಜ್ವರ ನೋಡುವ ಥರ್ಮಾಮೀಟರೇ ಸಾಕು. ಲೋಟದಲ್ಲಿ 38 ಡಿಗ್ರಿ ಆಸುಪಾಸಿನ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಎರಡರ ತುದಿಯನ್ನೂ ಒಟ್ಟಿಗೆ ಅದ್ದಿ, ಬಂದ ವ್ಯತ್ಯಾಸವನ್ನು ಸೆನ್ಸರಿನ ತಪ್ಪು ತಿದ್ದುವ ಪಿ4 ಸೆಟ್ಟಿಂಗಿನಲ್ಲಿ ತುಂಬಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5ರಿಂದ 37.7 ಸರಿ. ಮೊಟ್ಟೆ ಇಡುವ ಮುಂಚೆ ಎರಡು ದಿನ ಖಾಲಿ ಓಡಿಸಿ. ಇಟ್ಟ ಮೇಲೆ ಬಿಸಿ ಇಳಿದು ಮತ್ತೆ ಏರಲು ಕೆಲವು ಗಂಟೆ ಹಿಡಿಯುತ್ತದೆ; ಆಗ ಗಾಬರಿಯಾಗಿ ಅಂಕಿ ಏರಿಸಬಾರದು.

ಮೊಟ್ಟೆ: ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರುವ ಗುಂಪಿನದು. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ, ಅಲ್ಲಿ ಹುಂಜವೇ ಇರುವುದಿಲ್ಲ. ಚೂಪು ತುದಿ ಕೆಳಗಾಗಿ ತಣ್ಣಗಿನ ಜಾಗದಲ್ಲಿ ಏಳು ದಿನದವರೆಗೆ ಕೂಡಿಡಬಹುದು. ಏಪ್ರಿಲ್ ಬಿಸಿಲಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ. ಮನೆಯೊಳಗೆ 32 ಡಿಗ್ರಿ ಇದ್ದರೆ ಭ್ರೂಣ ಅರ್ಧಂಬರ್ಧ ಬೆಳೆಯಲು ಶುರುಮಾಡಿ ಸೊರಗುತ್ತದೆ. ತೊಳೆಯಬೇಡಿ, ಬಸ್ಸಲ್ಲೋ ಬೈಕಲ್ಲೋ ತಂದಿದ್ದರೆ ಒಂದು ದಿನ ಅಲುಗಿಸದೆ ಬಿಡಿ.

ಈಗ ತೇವದ ಲೆಕ್ಕ. ಮೊದಲ 18 ದಿನ ಶೇ. 45ರಿಂದ 55 ಇರಬೇಕು ಅನ್ನುತ್ತಾರೆ. ಮಲೆನಾಡಿನ ಜುಲೈ ತಿಂಗಳಲ್ಲಿ ಹೊರಗೆ 26 ಡಿಗ್ರಿ, ಶೇ. 90 ತೇವ ಇದೆ ಅಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.7ಕ್ಕೆ ಕಾದಾಗ ತೇವ ಶೇ. 46ಕ್ಕೆ ಇಳಿಯುತ್ತದೆ. ಅಲ್ಲಿ ತೇವಕ್ಕೆಂದು ಒಳಗಿಡುವ ನೀರಿನ ತಟ್ಟೆಯೇ ಬೇಡ. ಬಯಲುಸೀಮೆಯ ಬೇಸಿಗೆಯಲ್ಲಿ 34 ಡಿಗ್ರಿ, ಶೇ. 25 ಇದ್ದರೆ ಒಳಗೆ ಬರೀ 20 ಉಳಿಯುತ್ತದೆ, ಅಗಲವಾದ ತಟ್ಟೆ ಬೇಕೇ ಬೇಕು. ಆಳ ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ಆವಿಯಾಗುವುದು ಮೇಲ್ಮೈ. ಹಾಗಾಗಿ ಶಿವಮೊಗ್ಗದವರು ಹೇಳಿದ ಲೋಟದ ಅಳತೆ ರಾಯಚೂರಿಗೆ ಹೊಂದುವುದಿಲ್ಲ. ಅಗ್ಗದ ತೇವಮಾಪಕವಂತೂ ಶೇ. 10ರಷ್ಟು ಸುಳ್ಳು ಹೇಳುವುದು ಮಾಮೂಲು.

ತಕ್ಕಡಿ ಸುಳ್ಳು ಹೇಳುವುದಿಲ್ಲ. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದ ಶೇ. 12ರಷ್ಟು ನೀರನ್ನು ಚಿಪ್ಪಿನ ಮೂಲಕ ಕಳೆದುಕೊಳ್ಳಬೇಕು. ಹತ್ತು ಮೊಟ್ಟೆಗೆ ಗುರುತು ಹಾಕಿ ಒಟ್ಟಿಗೆ ತೂಗಿ. ಮೊದಲ ದಿನ 480 ಗ್ರಾಂ ಇದ್ದರೆ 7ನೇ ದಿನ 458, 14ಕ್ಕೆ 435, 18ಕ್ಕೆ 422 ಆಸುಪಾಸು ಬರಬೇಕು. ನಡುವೆ ಕೆಟ್ಟ ಮೊಟ್ಟೆ ತೆಗೆದರೆ ಅದರ ಮೊದಲ ದಿನದ ತೂಕವನ್ನೂ ಲೆಕ್ಕದಿಂದ ಕಳೆಯಲು ಒಂದೊಂದರ ತೂಕ ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ತೂಕ ಸಾಕಷ್ಟು ಇಳಿದಿಲ್ಲವೇ, ತೇವ ಹೆಚ್ಚಾಗಿದೆ, ನೀರು ತೆಗೆಯಿರಿ. ಮೊಟ್ಟೆಯ ಮೊಂಡು ತುದಿಯೊಳಗಿನ ಗಾಳಿಯ ಜಾಗ, ಅಂದರೆ ಗಾಳಿಗೂಡು, ಚಿಕ್ಕದಾಗಿ ಉಳಿದರೆ ಮರಿ ಮೊದಲ ಉಸಿರಿಗೆ ಜಾಗ ಸಿಗದೆ ದ್ರವದಲ್ಲೇ ಮುಳುಗುತ್ತದೆ. ಜಾಸ್ತಿ ಇಳಿದಿದ್ದರೆ ತಟ್ಟೆ ಅಗಲ ಮಾಡಿ.

ಮೊಟ್ಟೆಯ ಒಂದು ಬದಿಗೆ ಗುಣಾಕಾರ, ಇನ್ನೊಂದಕ್ಕೆ ಸೊನ್ನೆ ಬರೆದು ದಿನಕ್ಕೆ ಮೂರು ಅಥವಾ ಐದು ಸಲ ಮಗ್ಗುಲು ಬದಲಿಸಿ. ಬೆಸ ಸಂಖ್ಯೆ ಏಕೆಂದರೆ ರಾತ್ರಿಯ ದೀರ್ಘ ಹೊತ್ತು ಒಂದೇ ಮಗ್ಗುಲು ದಿನವೂ ಮೇಲೆ ಬರಬಾರದು. ಮೊದಲ ವಾರ ತಪ್ಪಿಸಿದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. 7ನೇ ರಾತ್ರಿ ಮೊಬೈಲ್ ಟಾರ್ಚಿಗೆ ರಟ್ಟಿನ ಸುರುಳಿ ಹಿಡಿದು ನೋಡಿ: ಜೇಡರ ಬಲೆಯಂತೆ ರಕ್ತನಾಳ ಹರಡಿದ್ದರೆ ಜೀವ ಇದೆ, ತಿಳಿಯಾಗಿದ್ದರೆ ಗೊಡ್ಡು, ಕೆಂಪು ಉಂಗುರ ಕಂಡರೆ ಸತ್ತಿದೆ. ನಾತ ಬರುವುದನ್ನು ಕೂಡಲೇ ಹೊರಗೆ ಹಾಕಿ, ಒಳಗೆ ಸಿಡಿದರೆ ಪಕ್ಕದ ಮೊಟ್ಟೆಗಳಿಗೂ ಕೇಡು.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವವರಿದ್ದಾರೆ. ಪೆಟ್ಟಿಗೆಯ ವಿಷಯದಲ್ಲಿ ಗುಡುಗು ಕೆಡುಕೇ, ಕರೆಂಟು ಹೋಗುತ್ತದೆ! ಎರಡು ಮೂರು ಗಂಟೆ ಹೋದರೆ ಮುಚ್ಚಳ ತೆಗೆಯದೆ ಕಂಬಳಿ ಹೊದಿಸಿ, ಪೆಟ್ಟಿಗೆಗೆ ಗಾಳಿಯಾಡಲು ಕೊರೆದ ತೂತು ಮಾತ್ರ ಮುಚ್ಚಬೇಡಿ. ಇನ್ನೂ ತಡವಾದರೆ ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮೂಲೆಗಿಡಿ. ತಣ್ಣಗಾದದ್ದನ್ನು ಮೊಟ್ಟೆ ತಡೆದುಕೊಳ್ಳುತ್ತದೆ, 40 ದಾಟಿದ್ದನ್ನು ತಡೆದುಕೊಳ್ಳುವುದಿಲ್ಲ.

18ನೇ ದಿನಕ್ಕೆ ಹೊರಳಿಸುವುದು ನಿಲ್ಲಿಸಿ, ತೂತುಗಳನ್ನೆಲ್ಲ ತೆರೆದು, ಒದ್ದೆ ಸ್ಪಂಜು ಸೇರಿಸಿ ತೇವವನ್ನು 65–70ಕ್ಕೆ ಏರಿಸಿ. ಅಡಿಗೆ ತೊಳೆದ ಗೋಣಿಯ ತುಂಡು ಹಾಸಿ. ಪೇಪರ್ ಹಾಕಿದರೆ ಕಾಲು ಜಾರಿ ಮರಿ ಕಾಲಗಲಿಸಿ ಬೀಳುತ್ತದೆ. ಚಿಪ್ಪಿಗೆ ಮೊದಲ ಕುಟುಕು ಬಿದ್ದ ಮೇಲೆ ಹೊರಬರಲು 12ರಿಂದ 24 ಗಂಟೆ ಬೇಕು. ಕುತೂಹಲಕ್ಕೆ ಮುಚ್ಚಳ ತೆಗೆದರೆ ತೇವ ಹಾರಿಹೋಗಿ ಬಿಳಿ ಪೊರೆ ಒಣ ತೊಗಲಿನಂತಾಗಿ ಮರಿಗೆ ಅಂಟಿಬಿಡುತ್ತದೆ. ಸಹಾಯ ಮಾಡಲು ಚಿಪ್ಪು ಸುಲಿದರೆ ಇನ್ನೂ ಹೀರಿಕೊಳ್ಳದ ನಾಳಗಳಿಂದ ರಕ್ತ ಸುರಿಯುತ್ತದೆ. 19ಕ್ಕೇ ಮರಿ ಬಂದರೆ ಮುಂದಿನ ಸಲ ಬಿಸಿ ಸ್ವಲ್ಪ ಇಳಿಸಿ, 22–23ಕ್ಕೆ ಎಳೆದರೆ ಏರಿಸಿ.

ಪುಕ್ಕ ಒಣಗಿ ಉಬ್ಬುವವರೆಗೆ ಮರಿ ಒಳಗೇ ಇರಲಿ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿಯೇ ಒಂದೂವರೆ ದಿನಕ್ಕೆ ಆಹಾರ. ಆಮೇಲೆ ಬಲ್ಬಿನಡಿ 35 ಡಿಗ್ರಿ, ವಾರಕ್ಕೆ 3 ಡಿಗ್ರಿ ಇಳಿಸುತ್ತ ಹೋಗಿ. ನೀರಿನ ಬಟ್ಟಲಿಗೆ ನಾಲ್ಕು ಬೆಣಚುಕಲ್ಲು ಹಾಕಿಡಿ, ಮರಿ ಒಳಗೆ ಬಿದ್ದು ಮುಳುಗದ ಹಾಗೆ.