ಇನ್ನೂರೇ ಪ್ರತಿಗಳ ಗುಂಯ್

ಧಾರವಾಡದಲ್ಲಿ ನಮ್ಮ ಮೌಶಿಯ ಮನೆ ಮುಂದೆ ಒಂದು ಟ್ರಾನ್ಸ್‌ಫಾರ್ಮರ್ ಇದೆ. ರಾತ್ರಿ ಓಣಿ ಮಲಗಿದ ಮೇಲೆ ಅದರ ಗುಂಯ್ ಸದ್ದು ಕಿಟಕಿ ದಾಟಿ ಒಳಗೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಕಂಪನ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಮಾತ್ರ ಅದರ ಎರಡರಷ್ಟು, 100 ಹರ್ಟ್ಜ್‌ನಲ್ಲಿ. ಮೌಶಿಯ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿಯನ್ನು ತುಸು ತಿರುವಿದರೆ ಅದೇ ಸ್ವರಕ್ಕೆ ಬಂದು ಕೂರುತ್ತದೆ. ನನ್ನ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ, ಹುಟ್ಟಿದ್ದು ಇಷ್ಟರಿಂದಲೇ.

ನಾನು ಮಾಡುವುದು ಡ್ರೋನ್ ಸಂಗೀತ. ಹಾಡಿಲ್ಲ, ತಾಳವಿಲ್ಲ. ಒಂದೇ ನಾದ, ಬಹಳ ಹೊತ್ತು, ಅದೂ ಕತ್ತಲೆ ಬಣ್ಣದ್ದು. ಅಮೆರಿಕದ ಹುಚ್ಚು ಅಂತ ಗೆಳೆಯರು ನಗುತ್ತಾರೆ. ಆದರೆ ಅಲ್ಲಿ ಇದಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ಲಾ ಮಾಂಟೆ ಯಂಗ್ 1970ರಲ್ಲಿ ಹಿಂದುಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾನಾ ಘರಾಣೆ. ಸವಾಯಿ ಗಂಧರ್ವರ, ಗಂಗೂಬಾಯಿ ಹಾನಗಲ್ಲರ ಘರಾಣೆಯೂ ಅದೇ. ಊರೆಲ್ಲ ಸುತ್ತಿ ನಮ್ಮ ಓಣಿಗೇ ಬಂತು, ಅಲ್ವಾ?

ಧ್ವನಿಮುದ್ರಣ ನಾಲ್ಕು ರಾತ್ರಿಯಲ್ಲಿ ಮುಗಿಯಿತು. ಗ್ರಿಡ್‌ನ 50 ಹರ್ಟ್ಜ್ ಒಂದೇ ಕಡೆ ನಿಲ್ಲುವುದಿಲ್ಲ, ಬೇಡಿಕೆ ಏರಿದರೆ ಸ್ವಲ್ಪ ಇಳಿಯುತ್ತದೆ. ಆಗ ತಂತಿಗೂ ಟ್ರಾನ್ಸ್‌ಫಾರ್ಮರಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದು ಸದ್ದು ನಿಧಾನವಾಗಿ ಉಬ್ಬಿ ಇಳಿಯುತ್ತದೆ. ಹೊಟ್ಟೆಯೊಳಗೆ ಏನೋ ತಿರುವಿದ ಹಾಗೆ. ನನಗೆ ಬೇಕಿದ್ದದ್ದು ಅದೇ.

ಕಷ್ಟ ಶುರುವಾದದ್ದು ಎಲ್‌ಪಿಗೆ ಇಳಿಸುವಾಗ. ಒಂದೊಂದು ಬದಿಗೆ 23 ನಿಮಿಷ ಇಟ್ಟುಕೊಂಡಿದ್ದೆ. ಮಂದ್ರದ ಸದ್ದನ್ನು ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಹರಡಿದ್ದೆ. ಗೀರು ಕೊರೆಯುವ ಎಂಜಿನಿಯರ್ ಎರಡಕ್ಕೂ ತಲೆ ಆಡಿಸಲಿಲ್ಲ. ಎಡ ಬಲ ಒಂದೇ ಇದ್ದರೆ ಮುಳ್ಳು ಅಡ್ಡಡ್ಡ ಆಡುತ್ತದೆ, ಒಂದಕ್ಕೊಂದು ಉಲ್ಟಾ ಆದರೆ ಮೇಲೆ ಕೆಳಗೆ ಕುಣಿಯುತ್ತದೆ. ಮಂದ್ರದಲ್ಲಿ ಹಾಗೆ ಕುಣಿದರೆ ಗೀರು ಬಿಟ್ಟು ಜಿಗಿದೇ ಬಿಡಬಹುದು. ಆದ್ದರಿಂದ 150 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಮೊನೊ, ಎಡಕ್ಕೂ ಬಲಕ್ಕೂ ಒಂದೇ ಸದ್ದು. ಮಂದ್ರಕ್ಕೆ ಗೀರೂ ಅಗಲ ಬೇಕು, ಹಾಗಾಗಿ ಸಮಯ ಕಮ್ಮಿ. ಸದ್ದು ತಗ್ಗಿಸಿದರೆ ಉದ್ದ ಸಿಗುತ್ತದೆ ನಿಜ, ಆದರೆ ಚಟಪಟ ಸದ್ದು ಎದ್ದು ಕಾಣುತ್ತದೆ. ಅದನ್ನು ಮುಚ್ಚಲು ನನ್ನ ಬಳಿ ತಬಲಾ ಇಲ್ಲವಲ್ಲ! ಬೈದುಕೊಳ್ಳುತ್ತಲೇ 18 ನಿಮಿಷಕ್ಕೆ ಕತ್ತರಿಸಿದೆ. ಈಗ ಕೇಳಿದರೆ ಆ ಐದು ನಿಮಿಷ ಸುಮ್ನೆ ಇತ್ತು ಅನಿಸುತ್ತದೆ.

ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಪರೀಕ್ಷೆಗೆ ಒತ್ತಿದ ಮೊದಲ ತಟ್ಟೆ, ಬಂತು. ಹಾಕಿದೆ. ನಾದ ತೊಟ್ಟಿಲ ಹಾಗೆ ತೂಗುತ್ತಿತ್ತು. ಗ್ರಿಡ್‌ನ ಅಲೆ ಇರಬೇಕು ಅಂತ ಮೊದಲು ಖುಷಿಪಟ್ಟೆ. ಗಡಿಯಾರ ಹಿಡಿದು ನೋಡಿದರೆ ಸರಿಯಾಗಿ 1.8 ಸೆಕೆಂಡಿಗೊಮ್ಮೆ. ನಿಮಿಷಕ್ಕೆ ಮೂವತ್ಮೂರೂವರೆಗೆ ಸ್ವಲ್ಪ ಕಮ್ಮಿ ಸುತ್ತು ಅಂದರೆ ಒಂದು ಸುತ್ತಿಗೆ ಅಷ್ಟೇ ಹೊತ್ತು. ನಡುವಿನ ತೂತು ಕೇಂದ್ರದಲ್ಲಿರಲಿಲ್ಲ. ಒಳಗೆ ಹೋದಂತೆ ತೂಗಾಟ ಜಾಸ್ತಿಯಾಗುತ್ತಿತ್ತು. ಸಿನಿಮಾ ಹಾಡಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಖಾನೆಯವರು 'ಇದು ಸಂಗೀತದಲ್ಲೇ ಇದೆ' ಅಂದರು. ವಾದ ಮಾಡಿ ಮತ್ತೆ ಒತ್ತಿಸುವಷ್ಟರಲ್ಲಿ ಎರಡು ತಿಂಗಳು.

ಎರಡನೇ ಬದಿಯ ಕೊನೆಗೆ ಬೀಗದ ಗೀರು ಹಾಕಿಸಿದೆ. ಮುಳ್ಳು ಅಲ್ಲೇ ಸುತ್ತುತ್ತಿರುತ್ತದೆ. ಸರಿಯಾಗಿ 100 ಹರ್ಟ್ಜ್ ಇದ್ದರೆ 1.8 ಸೆಕೆಂಡಿಗೆ ಪೂರ್ತಿ 180 ಕಂಪನ, ಬೆಸುಗೆಯೇ ಕೇಳುವುದಿಲ್ಲ. ಈ ಒಂದು ಲೆಕ್ಕ ಹೊಂದಿದಾಗ ಆದ ಖುಷಿ ಇಡೀ ರೆಕಾರ್ಡ್ ಮುಗಿದಾಗಲೂ ಆಗಲಿಲ್ಲ.

ಒಟ್ಟು 200 ಪ್ರತಿ. ಕಪ್ಪು ಕವರ್ ಮೇಲೆ ಕಪ್ಪು ಮಸಿ, ಒಂದೊಂದಕ್ಕೂ ಪೆನ್ಸಿಲ್‌ನಲ್ಲಿ ನಂಬರ್. ಲಿಮಿಟೆಡ್ ಎಡಿಷನ್ ಅನ್ನುವುದು ದೊಡ್ಡ ಮಾತು. ನಿಜ ಹೇಳಬೇಕೆಂದರೆ 201ನೇ ಕೇಳುಗ ನನಗೆ ಗೊತ್ತಿರಲಿಲ್ಲ.

ಮೊದಲ ಪ್ರತಿಯನ್ನು ಮೌಶಿಯ ಮನೆಯಲ್ಲೇ ಹಾಕಿದೆ. ಕೊನೆಯ ಗೀರಿಗೆ ಬಂದಮೇಲೂ ಅವಳು ಕೂತೇ ಇದ್ದಳು.

"ಇದು ಯಾವಾಗ ಮುಗಿತದೋ?"

"ಮುಳ್ಳು ನಾವ ಎತ್ತಬೇಕು ಮೌಶಿ."

ಹಾಗೆ ಹೇಳುವಾಗಲೇ ಕರೆಂಟ್ ಹೋಯಿತು. ತಟ್ಟೆ ನಿಧಾನವಾಗುತ್ತಾ ಸ್ವರ ಕೆಳಗೆ ಕೆಳಗೆ ಜಾರಿ ನಿಂತಿತು. ಹೊರಗಿನ ಗುಂಯ್ ಕೂಡ ನಿಂತಿತ್ತು.